ಗಣ್ಯರ ಊಟ

ಖಾನಾಪುರದ ಗಣ್ಯರ ಪಟ್ಟಿಯಲ್ಲಿ ಆ ವರ್ಷ ದಸರೆಯ ಹೊತ್ತಿಗೆ ಮೂವತ್ತೊಂದು ಹೆಸರುಗಳಿದ್ದವು. ಅವರಲ್ಲಿ ಹನ್ನೊಂದು ಜನ ಆಗಲೇ ತೀರಿಹೋಗಿದ್ದರು. ಅವರ ಬಗ್ಗೆ ಅಕ್ಕಾತಾಯಿಗೆ ತಕರಾರಿರಲಿಲ್ಲ. ಸತ್ತವರು ಊಟಕ್ಕೆ ಬರುವುದಿಲ್ಲವಲ್ಲ ಎಂದು ಸಮಾಧಾನಪಟ್ಟಿದ್ದಳು. ಸತ್ತವರ ಮಕ್ಕಳು ಬರುತ್ತಾರೆ ಎಂಬುದು ಆಮೇಲೆ ತಿಳಿಯಿತು. ದಿನಾ ನಾಲ್ಕೂವರೆಗೆ ಇಬ್ಬರೋ ಮೂವರೋ ಬಂದು ಪಡಸಾಲೆಯ ಜಮಖಾನೆಯ ಮೇಲೆ ಕೂರುವರು. ತಮ್ಮ ಅಪ್ಪ, ಅಜ್ಜ, ಮುತ್ತಜ್ಜಂದಿರ ಸಾಹಸಗಳನ್ನು ಹೇಳುವರು. ಹೇಳುತ್ತ ಹೇಳುತ್ತ ಅವಳು ತಟ್ಟಿದ ರೊಟ್ಟಿಯನ್ನು ಮುಗಿಸಿ ಎದ್ದುಹೋಗುವರು.

ಪಟ್ಟಿ ಮಾಡಿದವರು ಅವಳ ಗಂಡ ತಾತ್ಯಾಸಾಹೇಬರು. ಮೂವತ್ತು ವರ್ಷ ಮಾಸ್ತರಿಕೆ ಮಾಡಿ ಪಿಂಚಣಿಯ ಮೇಲೆ ಮನೆಯಲ್ಲಿ ಕೂತವರು. ಸುಮ್ಮನೆ ಕೂತಿದ್ದರೆ ಯಾರ ಅಭ್ಯಂತರವೂ ಇರಲಿಲ್ಲ. ಊರಿಗೊಂದು ಇತಿಹಾಸ ಬೇಕು, ಊರಿನ ದೊಡ್ಡವರ ಚರಿತ್ರೆ ಪುಸ್ತಕವಾಗಿ ಉಳಿಯಬೇಕು ಎಂದು ಅವರ ತಲೆಗೆ ಹೊಕ್ಕಿತು. ಸಂಕ್ರಾಂತಿಯೊಳಗೆ ಶುದ್ಧಪ್ರತಿ ತಂದುಕೊಟ್ಟರೆ ಅಚ್ಚು ಹಾಕಿಕೊಡುತ್ತೇನೆಂದು ಬೆಳಗಾವಿಯ ಛಾಪಖಾನೆಯವನೊಬ್ಬ ಮಾತು ಕೊಟ್ಟ. ಆದರೆ ತಾತ್ಯಾಸಾಹೇಬರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ಕೂತವನ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಬರೆಯಲು ಹೋದರೆ ಸಾಲಿನ ಮೇಲೆ ಸಾಲು ಹತ್ತುತ್ತಿತ್ತು. ಡಾಕ್ಟರರ ಕತ್ತರಿಗೆ ಕಣ್ಣು ಕೊಟ್ಟು ಇದ್ದಬದ್ದ ಬೆಳಕನ್ನೂ ಕಳೆದುಕೊಂಡ ಒಬ್ಬರನ್ನು ಕಂಡಿದ್ದ ಅವರು ಆ ದಾರಿಗೆ ಹೋಗಲು ಒಪ್ಪಿರಲಿಲ್ಲ.

ಹಾಗಾಗಿ ಬರೆಯುವ ಕೈ ಸೊಸೆ ಜಿನಮತಿಯದಾಯಿತು. ಇಪ್ಪತ್ತರ ಹುಡುಗಿ, ಬೆಳಗಾವಿಯಲ್ಲಿ ಆರನೇ ಇಯತ್ತೆಯವರೆಗೆ ಓದಿದವಳು, ಮುತ್ತಿನಂಥ ಅಕ್ಷರ. ಈಗ ಆರು ತಿಂಗಳ ಬಸುರಿ. ಎರಡು ವರ್ಷದ ಹಿಂದೆ ಮೊದಲ ಬಸಿರು ಐದು ತಿಂಗಳಿಗೇ ಇಳಿದುಹೋಗಿತ್ತು. ಅದಕ್ಕಾಗಿ ಈ ಸಲ ಬಸದಿಯಲ್ಲಿ ನೇಮ ಹಿಡಿದಿದ್ದಳು: ಕೂಸು ಕೈಗೆ ಬರುವವರೆಗೆ ಹೊತ್ತು ಮುಳುಗಿದ ಮೇಲೆ ಒಂದಗುಳೂ ಇಲ್ಲ, ಗುಟುಕು ನೀರೂ ಇಲ್ಲ. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತಿಸುವುದಿಲ್ಲ, ಯಾರಿಗೂ ಬಡಿಸುವುದಿಲ್ಲ. ಆದರೂ ಬಸುರಿಗೆ, ರೋಗಿಗೆ ಒಂದು ಲೋಟ ಹಾಲಿನ ವಿನಾಯಿತಿ ಇದ್ದೇ ಇರುತ್ತದೆ. ಆ ಹುಡುಗಿ ಅದನ್ನೂ ಬಿಟ್ಟುಕೊಟ್ಟಿದ್ದಳು.

ಪೀಕಲಾಟ ಶುರುವಾದದ್ದೇ ಅಲ್ಲಿ. ಗಣ್ಯರು ಪಡಸಾಲೆಯಲ್ಲಿ ಹೇಳಬೇಕು, ಜಿನಮತಿ ಒಳಬಾಗಿಲ ಹಿಂದೆ ಕೂತು ಬರೆದುಕೊಳ್ಳಬೇಕು. ಗಣ್ಯರಿಗೆ ಊಟದ ಮುಂದೆ ಕೂತಾಗಲೇ ಬಾಯಿ ಸಡಿಲಾಗುವುದು. ಅವರು ಉಂಡು ಕೈ ತೊಳೆಯುವವರೆಗೆ ಅವಳು ಲೇಖಣಿ ಕೆಳಗಿಡುವಂತಿಲ್ಲ. ಅವರು ಕೈ ತೊಳೆಯುವ ಹೊತ್ತಿಗೆ ಸರಿಯಾಗಿ ಸೂರ್ಯ ಮುಳುಗಿರುತ್ತಾನೆ.

ಒಂದು ಸಂಜೆ ಲೋಂಡಾದ ಕಟ್ಟಿಗೆ ಗುತ್ತಿಗೆದಾರ ಗುರುಪುತ್ರಪ್ಪ ಬಂದಿದ್ದ. ದಪ್ಪ ಮೀಸೆ, ದೊಡ್ಡ ದನಿ, ಅದಕ್ಕಿಂತ ದೊಡ್ಡ ಹೊಟ್ಟೆ.

"ಬರಕೋರಿ ಮಾಸ್ತರ. ಖಾನಾಪುರಕ್ಕ ಮೊದಲ ರೈಲು ಬಂದಾಗ ಎಂಜಿನ್ನಿಗಿ ಕಾಯಿ ಒಡದಾಂವ ನಮ್ಮಪ್ಪ."

"ಹೋದ ವಾರ ಹೆಂಚಿನ ಭಟ್ಟಿ ದುಂಡಪ್ಪ ಬ್ಯಾರೆ ಹೇಳ್ಯಾನಲ್ಲೊ. ಕಾಯಿ ಒಡದಾಂವ ಅವರಪ್ಪ ಅಂತ."

"ಒಡದಿದ್ದು ಖರೇ. ಆದರ ಅದು ಎರಡನೇ ರೈಲಿಗಿ. ಮೊದಲನೇದು ನಮ್ಮದು."

"ಜಿನಮತಿ, ಆ ಸಾಲು ಹೊಡದು ಹಾಕವ್ವ," ಎಂದರು ತಾತ್ಯಾಸಾಹೇಬರು.

ಆ ಸಾಲನ್ನು ಅವಳು ಹೊಡೆದು ಹಾಕಿದ್ದು ನಾಲ್ಕನೆಯ ಸಲ. ಅಕ್ಕಾತಾಯಿ ಅಡಿಗೆಮನೆಯಿಂದ ಕೂಗಿದಳು, "ಹೊತ್ತು ಇಳ್ಯಾಕತ್ತೇತ್ರಿ. ತಾಟು ಹಾಕಲೇನು?"

"ಹಾಕು, ಹಾಕು. ಉಣ್ಣಕೋತ ಮಾತಾಡ್ತಾರ. ಉಣ್ಣೂಮುಂದ ಮಂದಿಗಿ ನೆನಪು ಚಲೋ ಬರತಾವು."

ನೆನಪುಗಳು ಚೆನ್ನಾಗಿಯೇ ಬಂದವು. ಗುರುಪುತ್ರಪ್ಪನಿಗೆ ನಾಲ್ಕು ರೊಟ್ಟಿ, ಹೀರೇಕಾಯಿ ಪಲ್ಯ, ಎರಡು ಸಲ ಅನ್ನ, ಗಟ್ಟಿ ಮೊಸರು ಆಗುವುದರೊಳಗೆ ಅವನ ಅಪ್ಪನಿಂದ ಮುತ್ತಜ್ಜನವರೆಗೆ ನೆನಪಾಯಿತು. ಅವನು ಎದ್ದದ್ದೇ ಅಕ್ಕಾತಾಯಿ ಸೊಸೆಯ ಮುಂದೆ ತಾಟು ತಂದಿಟ್ಟಳು.

"ಉಣ್ಣು, ಲಗೂನ ಉಣ್ಣು."

ಜಿನಮತಿ ಹಿತ್ತಲ ಬಾಗಿಲಿನಿಂದ ಹೊರಗೆ ನೋಡಿದಳು. "ಹೊತ್ತು ಮುಳುಗೇತ್ರಿ ಅತ್ತ್ಯಾರ."

"ಇನ್ನೂ ಬೆಳಕೈತಲ್ಲ."

"ಬೆಳಕೈತ್ರಿ. ಸೂರ್ಯ ಇಲ್ಲ."

"ಅವರು ಉಣ್ಣಾಕ ಕುಂತಾಗನ ನೀ ಎರಡು ತುತ್ತು ಬಾಯಿಗಿ ಹಾಕ್ಕೋ ಅಂದ್ರ ಕೇಳಂಗಿಲ್ಲ."

"ಮಾವನಾರ ಊಟ ಆಗಿರಲಿಲ್ಲಲ್ರಿ. ಮತ್ತ ಕೈ ತುಂಬ ಶಾಯಿ."

ಹೀಗೆ ಹೇಳಿ ನಕ್ಕಳು. ಆ ನಗು ನೋಡಿ ಅಕ್ಕಾತಾಯಿಗೆ ಮೈ ಉರಿಯಿತು. ತಾಟನ್ನು ಹಾಗೇ ಮುಚ್ಚಿಟ್ಟಳು. ತಾನೂ ಉಣ್ಣಲಿಲ್ಲ. ತನ್ನ ಮೈಗೆ ಒಂದು ಹೊತ್ತು ಬಿಟ್ಟರೆ ಒಳ್ಳೆಯದೇ, ಆ ಹುಡುಗಿಯ ಮೈಯಲ್ಲಿ ಬಿಡಲು ಏನಿದೆ?

ಆ ಮನೆಯಲ್ಲಿ ತಂಗಳು ತಿನ್ನುವ ಪದ್ಧತಿಯೂ ಇಲ್ಲ. ಉಳಿದದ್ದೆಲ್ಲ ಮುಂಜಾನೆ ಮುಸುರೆ ತಿಕ್ಕಲು ಬರುವ ಕಾಡವ್ವನ ಬುಟ್ಟಿಗೆ ಹೋಗುತ್ತಿತ್ತು. "ಮಾಸ್ತರ ಪುಸ್ತಕ ಇನ್ನೊಂದು ವರ್ಷ ನಡೀಲ್ರಿ ಅಕ್ಕಾರ," ಎಂದಳು ಕಾಡವ್ವ, "ನನ್ನ ಮಕ್ಕಳು ಮೈ ಹಿಡದಾವು." ಅಕ್ಕಾತಾಯಿ ಅವಳ ಮೇಲೆ ರೇಗಿದಳು. ರೇಗಬೇಕಾದವರು ಬೇರೆ ಇದ್ದರು. ಅವರು ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಇವತ್ತು ಯಾರನ್ನು ಕರೆಯಬೇಕೆಂದು ಬೆರಳು ಮಡಚುತ್ತಿದ್ದರು.

"ಆ ಮಂದೀನ್ನ ಮುಂಜಾನೆ ಕರಸ್ರಿ," ಎಂದಳು.

"ಮುಂಜಾನೆ ಅವರಿಗಿ ದಂಧೆ ಇರತಾವ. ಗಣ್ಯರು ಅಂದ್ರ ಕೆಲಸ ಇದ್ದವರು."

"ನಮಗ ಕೆಲಸ ಇಲ್ಲ?"

"ಅದರ ಮಾತಲ್ಲ ಇದು."

"ಅದರ ಮಾತಽ ಇದು. ಆ ಹುಡುಗಿ ವಾರದಾಗ ಐದು ದಿವಸ ಉಪಾಸ ಮಲಗತಾಳ. ಹೊಟ್ಟಿಯಾಗ ಒಂದು ಜೀವ ಐತಿ ಅನ್ನೂದು ಮರತೀರೇನು?"

ತಾತ್ಯಾಸಾಹೇಬರು ಮಡಚಿದ ಬೆರಳುಗಳನ್ನು ಬಿಡಿಸಿದರು. ಆಮೇಲೆ ಮೆತ್ತಗೆ, "ಸಂಕ್ರಾಂತಿತನಾ ನನ್ನ ಕಣ್ಣು ಇರತಾವೋ ಇಲ್ಲೋ. ಅಚ್ಚಾಗಿ ಬಂದದ್ದು ಒಂದು ಸಲ ನಾ ನೋಡಬೇಕು. ಅಷ್ಟ ಐತಿ ನನಗ," ಎಂದರು.

ಅಕ್ಕಾತಾಯಿಗೆ ಗಂಡನ ಮೇಲೆ ಕನಿಕರ ಬಂತು. ಕನಿಕರ ಬಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಒಳಗೆ ಹೋಗಿ ಸಂಜೆಗೆ ಹಿಟ್ಟು ಸೋಸಿದಳು.

ಮಗ ಧನಪಾಲ ಲೋಂಡಾ ಸ್ಟೇಶನ್ನಿನಲ್ಲಿ ಸರಕಿನ ಲೆಕ್ಕ ಬರೆಯುವ ಮಾಲಿನ ಕಾರಕೂನ. ವಾರಕ್ಕೊಮ್ಮೆ ಮನೆಗೆ ಬರುವವನು. ಆ ಭಾನುವಾರ ಅವನು ಚಪ್ಪಲಿ ಬಿಡುವ ಮೊದಲೇ ಅಕ್ಕಾತಾಯಿ ಹಿಡಿದುಕೊಂಡಳು.

"ನಿಮ್ಮಪ್ಪಗ ಹೇಳು. ನಾ ಹೇಳಿ ಸಾಕಾಗಿ ಹೋಗೇತಿ."

"ಏನಂತ ಹೇಳಲಿ ಅವ್ವ?"

"ಹೇಣ್ತಿ ನಿನ್ನಾಕಿ. ಏನಂತ ಹೇಳಬೇಕಂತ ನನ್ನ ಕೇಳತಿ?"

ಧನಪಾಲ ಅಂಗಿ ಸರಿಮಾಡಿಕೊಂಡು ಪಡಸಾಲೆಗೆ ಹೋದ. ಅರ್ಧ ತಾಸು ಬಿಟ್ಟು ಬಂದ. ಮುಖ ನೋಡಿದರೆ ದೊಡ್ಡ ಕೆಲಸ ಹಚ್ಚಿಕೊಂಡವನ ಹಾಗಿತ್ತು.

"ಹೇಳಿದೇನು?"

"ಹೇಳಾಕ ಹೋಗಿದ್ನೆವ್ವ. ಅಷ್ಟರಾಗ ಅಪ್ಪಾರು ಮೊದಲ ರೈಲಿನ ತಾರೀಖ ಕೇಳಿದರು. ಲೋಂಡಾದಾಗ ಹಳೇ ಕಾಗದಪತ್ರ ಅದಾವೇನು ನೋಡಂದಾರ."

ಅಕ್ಕಾತಾಯಿ ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಕುಕ್ಕಿದಳು. ಬಾಗಿಲ ಸಂದಿನಲ್ಲಿ ನಿಂತಿದ್ದ ಜಿನಮತಿ ಗಂಡನನ್ನು ನೋಡಿದಳು. ಅವನು ನೆಲ ನೋಡಿದ.

ದೀಪಾವಳಿ ಮುಗಿದು ಏಳನೇ ತಿಂಗಳು ಬಿದ್ದ ಮೇಲೆ ಬೆಳಗಾವಿಯಿಂದ ಜಿನಮತಿಯ ತಾಯಿ ಶಾಂತಾಬಾಯಿ ಬಂದಳು. ಮಗಳನ್ನು ಬಾಣಂತನಕ್ಕೆ ಕರೆದೊಯ್ಯಲು ಬುತ್ತಿ ಕಟ್ಟಿಕೊಂಡೇ ಬಂದಿದ್ದಳು. ಮಗಳ ಕೈಬಳೆ ಮೊಳಕೈವರೆಗೆ ಜಾರುವುದನ್ನು ನೋಡಿ ಅವಳ ಮುಖ ಸಣ್ಣಗಾಯಿತು. ಆದರೂ ಬೀಗರ ಮನೆ, ಬಾಯಿ ಬಿಗಿಹಿಡಿದಳು.

"ಒಂದು ಎಂಟು ದಿವಸ ತಡೀರಿ," ಎಂದರು ತಾತ್ಯಾಸಾಹೇಬರು. "ಇನ್ನ ಆರು ಮಂದಿದಷ್ಟ ಉಳದೈತಿ."

"ಏಳರಾಗ ಕರಕೊಂಡು ಹೋಗಬೇಕ್ರಿ. ಎಂಟು ಬಿತ್ತಂದ್ರ ನಾವು ಬಸರಿ ಹೆಣ್ಣಮಗಳನ್ನ ಗಾಡಿ ಹತ್ತಸೂದಿಲ್ಲ. ನಿಮ್ಮಲ್ಲೂ ಹಂಗ ಅಲ್ಲೇನ್ರಿ?"

"ನಮ್ಮಲ್ಲೂ ಹಂಗ. ಎಂಟು ದಿವಸ ಅಂದೆನಲ್ಲ."

ಶಾಂತಾಬಾಯಿ ಬಂದ ದಾರಿಯಲ್ಲೇ ಹೋದಳು. ಎಂಟು ದಿನ ಬಿಟ್ಟು ಮನೆಯಾಳನ್ನು ಕಳಿಸಿದಳು. ಅಷ್ಟರಲ್ಲಿ ಆರು ಜನರ ಪೈಕಿ ಇಬ್ಬರದು ಮುಗಿದು, ಹೊಸದಾಗಿ ಮೂವರು ಸೇರಿದ್ದರು. ಮನೆಯಾಳು ಬರಿಗೈಯಲ್ಲಿ ವಾಪಸಾದ. ಅಕ್ಕಾತಾಯಿ ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೀರು ಎಳೆಯತೊಡಗಿದಳು. ಓದುಬರಹ ಬಾರದವಳ ಲೆಕ್ಕ ಅದು. ಏಳನೇ ತಿಂಗಳು ತೀರಲು ಇನ್ನು ಐದು ಗೀರು ಉಳಿದಿದ್ದವು.

ಆ ಸಂಜೆ ಮೂವರು ಒಟ್ಟಿಗೆ ಬಂದರು. ಮೊದಲ ತೆಂಗಿನಕಾಯಿಯನ್ನು ಒಡೆದವರು ಯಾರೆಂದು ಇತ್ಯರ್ಥ ಮಾಡಲು ಗುರುಪುತ್ರಪ್ಪ, ದುಂಡಪ್ಪ. ಇಬ್ಬರ ನಡುವೆ ಪಂಚನಾಗಿ ಹತ್ತಿರದ ಹಳ್ಳಿಯ ಪಾಟೀಲ ಭೀಮಗೊಂಡ. ಭೀಮಗೊಂಡನಿಗೆ ತನ್ನ ಅಜ್ಜ ಹುಲಿ ಹೊಡೆದದ್ದನ್ನೂ ಬರೆಸುವುದಿತ್ತು. ಅಕ್ಕಾತಾಯಿ ರೊಟ್ಟಿ, ಹೆಸರುಕಾಳಿನ ಪಲ್ಯ, ಅನ್ನ, ಸಾರು ಎಲ್ಲ ಮಾಡಿ ಮುಗಿಸಿದ್ದಳು. ಪಡಸಾಲೆಯಲ್ಲಿ ಖಾಲಿ ತಾಟುಗಳನ್ನೂ ಇಟ್ಟು ಬಂದಿದ್ದಳು. ಹೊತ್ತು ಇನ್ನೂ ಎರಡು ಮಾರು ಮೇಲಿತ್ತು.

"ಕಾಯಿ ಇಬ್ಬರೂ ಒಡದಿರಬಹುದಲ್ಲ," ಎಂದ ಭೀಮಗೊಂಡ.

"ಎಂಜಿನ್ನು ಒಂದಽ ಇತ್ತು," ಎಂದ ದುಂಡಪ್ಪ.

"ಮುಂದಿನ ಗಾಲಿಗಿ ಒಬ್ಬರು, ಹಿಂದಿನ ಗಾಲಿಗಿ ಒಬ್ಬರು."

"ನಮ್ಮಪ್ಪ ಹಿಂದಿನ ಗಾಲಿಗಿ ಯಾಕ ಒಡದಾನು?" ಗುರುಪುತ್ರಪ್ಪ ಎದ್ದು ನಿಂತ.

ಆಗ ಬಾಗಿಲ ಹಿಂದೆ ಏನೋ ಬಿದ್ದ ಸಪ್ಪಳವಾಯಿತು. ಶಾಯಿಯ ದೌತಿ ಉರುಳಿಕೊಂಡು ಹೊಸ್ತಿಲವರೆಗೆ ಬಂತು.

"ಯಾಕ ಜಿನಮತಿ, ಶಾಯಿ ಚೆಲ್ಲಿತೇನವ್ವ?" ತಾತ್ಯಾಸಾಹೇಬರು ಕತ್ತು ಚಾಚಿದರು. "ಪುಟ ಕೆಟ್ಟವೇನು?"

ಜಿನಮತಿ ಗೋಡೆಗೆ ಜಾರಿ ನೆಲಕ್ಕೆ ಒರಗಿದ್ದಳು. ಅಕ್ಕಾತಾಯಿ ಓಡಿಬಂದು ಅವಳ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಮುಖಕ್ಕೆ ನೀರು ಚಿಮುಕಿಸಿದಳು. ಹುಡುಗಿ ಕಣ್ಣು ಬಿಟ್ಟದ್ದೇ, "ಪುಟ..." ಎಂದಳು.

"ಸುಡ್ಲಿ ನಿನ್ನ ಪುಟ," ಎಂದಳು ಅಕ್ಕಾತಾಯಿ.

ಹೊರಗಿನಿಂದ ಮತ್ತೆ ದನಿ ಬಂತು, "ಎಷ್ಟು ಪುಟ ಕೆಟ್ಟವು ಅಂತ ಕೇಳಾಕತ್ತೇನಿ."

ಅವರಿಗೆ ಕಾಣುವುದಿಲ್ಲ, ನಿಜ. ಅಲ್ಲಿದ್ದ ಬಾಕಿ ಮೂವರಿಗೆ ಕಣ್ಣು ಚೆನ್ನಾಗಿದ್ದವಲ್ಲ? ಒಬ್ಬನೂ ಏನಾಯಿತೆಂದು ಕೇಳಲಿಲ್ಲ. ಅಕ್ಕಾತಾಯಿ ಸೊಸೆಯನ್ನು ತೋಳಲ್ಲಿ ಹಿಡಿದು ಅಡಿಗೆಮನೆಗೆ ಕರೆದೊಯ್ದಳು. ಕದ ಹಾಕಿ ಒಳಗಿನಿಂದ ಅಗಳಿ ಜಡಿದಳು. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಮೆತ್ತಗೆ ಕಲಸಿದಳು.

"ಮಾವನಾರದು ಇನ್ನೂ..." ಎಂದಳು ಜಿನಮತಿ.

"ಬಾಯಿ ತಗಿ."

ಒಂದು ತುತ್ತು, ಎರಡು ತುತ್ತು. ಹುಡುಗಿ ಉಣ್ಣುತ್ತ ಅಳತೊಡಗಿದಳು. ಅಕ್ಕಾತಾಯಿ ಸೆರಗಿನಿಂದ ಅವಳ ಕಣ್ಣು ಒರೆಸಿದಳು. ಇಷ್ಟು ದಿನ ಇದನ್ನು ಮಾಡದೆ, ಗೊಣಗುತ್ತ ಗೊಣಗುತ್ತ ಆ ಹೊಟ್ಟೆಬಾಕರಿಗೆ ತಾನೇ ಬಡಿಸಿದೆನಲ್ಲ ಎಂದು ನಾಚಿಕೆಯಾಯಿತು. ಹೊರಗೆ ಮೊದಲು ಕೆಮ್ಮು ಕೇಳಿಸಿತು, ಆಮೇಲೆ ಖಾಲಿ ತಾಟಿನ ಮೇಲೆ ಉಂಗುರ ಬಡಿಯುವ ಸದ್ದು, ಆಮೇಲೆ ಗಂಡನ ಕೂಗು.

"ಏ ಇವಳಽ, ತಾಟು ಹಂಗಽ ಅದಾವು! ಹೊತ್ತು ಹೊಂಟೈತಿ!"

ಅಕ್ಕಾತಾಯಿ ಓಗೊಡಲಿಲ್ಲ. ಅನ್ನದ ಮೇಲೆ ಹಾಲು ಕುಡಿಸಿದಳು. ತಾನೂ ಒಂದು ರೊಟ್ಟಿ ತಿಂದಳು. ಹಿತ್ತಲ ಬಾಗಿಲಲ್ಲಿ ನಿಂತು ಸೂರ್ಯ ಪೂರ್ತಿ ಮುಳುಗುವುದನ್ನು ನೋಡಿದಳು. ಆಮೇಲೆ ಸೆರಗು ಹೊದ್ದು ಕದ ತೆರೆದು ಪಡಸಾಲೆಗೆ ಬಂದಳು.

"ಹೊತ್ತು ಮುಳುಗಿತ್ರಿ. ನಮ್ಮ ಮನ್ಯಾಗ ಈಗ ಯಾರಿಗೂ ಬಡಸೂದಿಲ್ಲ."

ಮೂವರೂ ಖಾಲಿ ತಾಟಿನ ಮುಂದೆ ಕೂತಿದ್ದರು. ಭೀಮಗೊಂಡನೂ ಜೈನನೇ, ತೆಪ್ಪಗೆ ಎದ್ದು ರುಮಾಲು ಸುತ್ತಿಕೊಂಡ. ಗುರುಪುತ್ರಪ್ಪನಿಗೆ ಹಸಿವು ತಡೆಯಲಿಲ್ಲ.

"ನಮಗೇನು ಅಡ್ಡಿ ಇಲ್ರಿ ಅಕ್ಕಾರ. ನಾವು ಉಣತೀವಿ."

"ನಿಮಗಿಲ್ರಿ. ನನಗೈತಿ."

ತಾತ್ಯಾಸಾಹೇಬರ ಮುಖ ಕೆಂಪಗಾಯಿತು. ಆದರೆ ಅವರಾದರೂ ಏನು ಹೇಳಿಯಾರು? ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ತಾಟಿಗೆ ಬಡಿಸು ಎಂದು ಅವರ ಅಪ್ಪನೂ ಹೇಳಿರಲಿಲ್ಲ, ಅಜ್ಜನೂ ಹೇಳಿರಲಿಲ್ಲ. ಖಾನಾಪುರದ ಗಣ್ಯರು ಮಾಸ್ತರರ ಮನೆಯಿಂದ ಹಸಿದ ಹೊಟ್ಟೆಯಲ್ಲಿ ಹೊರಬಿದ್ದರು.

"ಊರ ಮುಂದ ನನ್ನ ಮಾನ ಕಳದಿ," ಎಂದರು ತಾತ್ಯಾಸಾಹೇಬರು, ಅವರು ಓಣಿ ದಾಟಿದ ಮೇಲೆ.

"ಕಳದೆ. ನಾಳೆ ಮುಂಜಾನಿ ಗಾಡಿಗಿ ಜಿನಮತೀನ್ನ ಬೆಳಗಾಂವಿಗಿ ಕರಕೊಂಡು ಹೋಗಾಕಿ ನಾನು."

"ಮತ್ತ ಪುಸ್ತಕ?"

"ನಿಮ್ಮ ಗಣ್ಯರ ಪೈಕಿ ಬರಿಯಾಕ ಬರೂವಂಥಾವ ಒಬ್ಬನೂ ಇಲ್ಲೇನು? ಬಂದು ಬರೀಲಿ. ಉಪಾಸ ಕುಂತು ಬರೀಲಿ."

"ನೀ ಹೋದರ ಮನಿ ನೋಡಾವರು ಯಾರು?"

"ಕಾಡವ್ವ ಬರತಾಳ. ಪಕ್ಕದ ಮನಿಯಿಂದ ಎರಡು ಹೊತ್ತು ಊಟ ಬರತೈತಿ. ಹೊತ್ತು ಮುಳುಗೂದರಾಗ ಉಂಡುಬಿಡ್ರಿ."

ಮರುದಿನ ಅತ್ತೆ ಸೊಸೆ ಗಾಡಿ ಹತ್ತಿದರು. ತಾತ್ಯಾಸಾಹೇಬರು ಸ್ಟೇಶನ್ನಿಗೆ ಬರಲಿಲ್ಲ. ಬೆಳಗಾವಿ ಹತ್ತಿರದ ಮಚ್ಛೆ ಊರು ದಾಟುವವರೆಗೆ ಅಕ್ಕಾತಾಯಿ ಒಂದೇ ಸಮ ಗಂಡನನ್ನು ಬೈಯುತ್ತಿದ್ದಳು. ಜಿನಮತಿ ಅವಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು.

ಶಾಂತಾಬಾಯಿ ಮಗಳಿಗೆ ದಿನಕ್ಕೆ ನಾಲ್ಕು ಸಲ ಉಣಿಸಿದಳು. ಅಕ್ಕಾತಾಯಿ ಮಧ್ಯೆ ಮಧ್ಯೆ ಇನ್ನೆರಡು ಸಲ ಉಣಿಸಿದಳು. ಬೀಗತಿಯರಿಬ್ಬರೂ ಮೊದಲ ಸಲ ಒಂದು ಮಾತಿಗೆ ಬಂದಿದ್ದರು. ಆದರೆ ಅಷ್ಟು ದಿನದ ಹಸಿವು ಮೂರು ವಾರದಲ್ಲಿ ತುಂಬುತ್ತದೆಯೇ? ಎಂಟನೇ ತಿಂಗಳ ನಡುವೆಯೇ ನೋವು ಕಾಣಿಸಿಕೊಂಡಿತು. ಒಂದು ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ಸೂಲಗಿತ್ತಿ ಸಾತವ್ವ ಅದನ್ನು ಅರಳೆಯಲ್ಲಿ ಸುತ್ತುತ್ತ, "ತಾಯಿ ಹೊಟ್ಟಿಗಿ ಸರಿಯಾಗಿ ಬಿದ್ದಿಲ್ರಿ ಈ ಕೂಸು ಬೆಳಿಯೂಮುಂದ. ಎಲ್ಲಿಟ್ಟಿದ್ರಿ ಈಕೀನ್ನ?" ಎಂದಳು. ಶಾಂತಾಬಾಯಿ ಅಕ್ಕಾತಾಯಿಯ ಕಡೆ ನೋಡದೆ ಬಿಸಿನೀರು ತರಲು ಎದ್ದಳು. ಅದೇ ಅಕ್ಕಾತಾಯಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಕೂಸಿಗೆ ಮೊಲೆ ಚೀಪುವ ಶಕ್ತಿ ಇರಲಿಲ್ಲ. ಬತ್ತಿಯನ್ನು ಹಾಲಿಗೆ ಅದ್ದಿ ಹನಿ ಹನಿ ಹಾಕಿದರು. ಹತ್ತು ದಿನ ಯಾರೂ ಹೆಸರಿನ ಸುದ್ದಿ ಎತ್ತಲಿಲ್ಲ.

ಪುರುಡು ಕಳೆದ ಮೇಲೆ, ಕೂಸು ಹುಟ್ಟಿದ ಹದಿಮೂರನೆಯ ದಿನ, ಧನಪಾಲ ಅಪ್ಪನ ಕೈಹಿಡಿದು ಕರೆತಂದ. ತಾತ್ಯಾಸಾಹೇಬರ ಕಂಕುಳಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಪುಸ್ತಕದ ಹಾಳೆಗಳ ಗಂಟು ಇತ್ತು. ಹೊಸ್ತಿಲಲ್ಲೇ ನಿಂತು ಅವರು ಅಂದದ್ದು ಇದು:

"ಜಿನಮತಿ ಆರಾಮ ಅದಾಳೇನು? ಬಾಕಿ ಎಲ್ಲಾ ಬ್ಯಾರೆಯವರ ಕಡೆ ಬರಸೇನಿ, ಎರಡಽ ಪುಟ ಉಳದಾವು."

ಧನಪಾಲ ಅಪ್ಪನ ಕೈ ಬಿಟ್ಟ. "ಅಪ್ಪಾರ, ಸಾಕು," ಎಂದ. ಹುಟ್ಟಿದಾಗಿನಿಂದ ಅವನು ಅಪ್ಪನಿಗೆ ಎದುರಾಡಿದ್ದು ಅದೊಂದೇ ಮಾತು. ಅದು ಆ ಬಡ ಹುಡುಗಿಯ ಪಾಲಿಗೆ ಎರಡು ತಿಂಗಳು ತಡವಾಗಿತ್ತು.

ಅಕ್ಕಾತಾಯಿ ಹದಿಮೂರು ದಿನದಿಂದ ಗಂಡನಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದಳು. ಈಗ ಅವನ್ನೆಲ್ಲ ಬದಿಗಿಟ್ಟಳು.

"ಗಂಟು ಕೆಳಗಿಡ್ರಿ," ಎಂದಳು. "ಕುಂದರ್ರಿ. ಎರಡೂ ಕೈ ಮುಂದ ಮಾಡ್ರಿ."

ಅವರು ಗಂಟು ಇಟ್ಟು ಕೂತರು. ಅವಳು ಕೂಸನ್ನು ತಂದು ಅವರ ಅಂಗೈಗಳ ಮೇಲೆ ಮಲಗಿಸಿದಳು. ತಾತ್ಯಾಸಾಹೇಬರು ಮುಖವನ್ನು ಹತ್ತಿರ ತಂದರು, ಇನ್ನೂ ಹತ್ತಿರ ತಂದರು. ಬಿಳಿ ಅರಳೆಯಷ್ಟೇ ಕಂಡಿರಬೇಕು. ಕೈಗಳನ್ನು ಸ್ವಲ್ಪ ಎತ್ತಿ ನೋಡಿದರು.

"ಕೂಸು ಕೊಟ್ಟೀ ಏನು? ಬರೇ ಅರಳಿ ಇದ್ದಂಗೈತಲ್ಲ."

"ಕೂಸಽ ಅದು."

"ಇಷ್ಟು ಹಗುರ?"

"ಇಷ್ಟು ಹಗುರ."

"ಧನಪಾಲ ಹಿಂಗಿರಲಿಲ್ಲ."

"ಇರಲಿಲ್ಲ. ಅವ ಹೊಟ್ಟಿಯಾಗಿದ್ದಾಗ ಹೊತ್ತು ಮುಳುಗೂದರಾಗ ನಿಮ್ಮವ್ವ ನನಗ ಎರಡು ಸಲ ಉಣಸ್ತಿದ್ದಳು. ಮನಿಗಿ ಯಾರು ಬಂದಿದ್ದರೂ ಮೊದಲ ನನಗ ಹಾಕಿ ಆಮ್ಯಾಲ ಅವರಿಗಿ. ನಾನು ಈಕಿಗಿ ಅಷ್ಟು ಮಾಡಲಿಲ್ಲ. ನಿಮ್ಮ ಮಂದಿಗಿ ಬಡಿಸಿಕೋತ ಕುಂತೆ."

ತಾತ್ಯಾಸಾಹೇಬರು ಕಿವಿಯನ್ನು ಕೂಸಿನ ಮೂಗಿನ ಬಳಿ ತಂದರು. ಒಳಕೋಣೆಯ ಬಾಗಿಲಲ್ಲಿ ಜಿನಮತಿ ಗೋಡೆ ಹಿಡಿದು ಬಂದು ನಿಂತಿದ್ದಳು. ಅವಳು ಬಂದದ್ದು ಅವರಿಗೆ ಗೊತ್ತಾಗಲಿಲ್ಲ.

"ಉಳೀತೈತೇನು ಇದು?" ಎಂದು ಕೇಳಿದರು.

"ಉಳಿಸ್ಕೋತೀವಿ," ಎಂದಳು ಅಕ್ಕಾತಾಯಿ. "ನೀವು ಕೈ ನಡಗಸಬ್ಯಾಡ್ರಿ. ಸರಿಯಾಗಿ ಹಿಡೀರಿ."